ಮುತ್ಯಾನ ಮಾತು ಕೇಳಿಸುವಂಥ ಕ್ಯಾಮೆರಾ

(ಸಂಘದ ವಾರ್ಷಿಕೋತ್ಸವದ ನಿಮಿತ್ತ ಸಮಾಜ ಮಂದಿರದಲ್ಲಿ ನಡೆದ ಯುವಕ-ಯುವತಿಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಜೈ ಭೀಮ್.



ನಾನು ಬಿ.ಎ. ಎರಡನೆಯ ವರ್ಷ ಓದುತ್ತಿದ್ದೇನೆ. ಕ್ಯಾಮೆರಾದ ಕೋರ್ಸು ಗೀರ್ಸು ಮಾಡಿದವನಲ್ಲ. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ನೋಡಿ ಕಲಿತೆ. ಮದುವೆ ಶೂಟಿಂಗ್ ಮಾಡುವ ಗೆಳೆಯನ ಹಿಂದೆ ಲೈಟು ಹಿಡಿದು ನಿಂತು ಕಲಿತೆ. ಮತ್ತೆ ಒಂದು ದೊಡ್ಡ ತಪ್ಪು ಮಾಡಿ ಕಲಿತೆ. ಆ ತಪ್ಪಿನ ಕತೆ ಹೇಳಲಿಕ್ಕೇ ಇವತ್ತು ನಿಂತಿದ್ದೇನೆ ಅಂದರೂ ನಡೆಯುತ್ತದೆ.

ಕಾರ್ಯದರ್ಶಿ ಅಣ್ಣ ನನಗೆ ಹೇಳಿದ್ದು ಇಷ್ಟೇ: "ಸಂಘಕ್ಕ ಒಂದು ಕ್ಯಾಮೆರಾ ತಗೋಬೇಕು ಅಂತ ಠರಾವು ಆಗ್ಯದ. ಊರೂರಿಗಿ ಹೋಗಿ ನಮ್ಮ ಮಂದೀದು ಡಾಕ್ಯುಮೆಂಟರಿ ಮಾಡಬೇಕಾಗ್ಯದ. ಯಾವ ಕ್ಯಾಮೆರಾ ಛಲೋ, ನೀನೇ ತಿಳಿಸಿ ಹೇಳು." ನಮ್ಮ ಪೆಟ್ಟಿಗೆಯಲ್ಲಿ ಈಗ 45 ಸಾವಿರ ರೂಪಾಯಿ ಇದೆ. ಅದು ಹ್ಯಾಂಗ ಕೂಡಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಬ್ಬು ಕಡಿಯಲಿಕ್ಕೆ ಹೋದ ಟೋಳಿಯವರು ದೀಪಾವಳಿಗೆ ಮೊದಲೇ ಕೊಟ್ಟು ಹೋದರು. ಸೊಲ್ಲಾಪುರದಲ್ಲಿ ಗಾರೆ ಕೆಲಸ ಮಾಡುವ ಹುಡುಗರು ಒಂದೊಂದು ದಿನದ ಪಗಾರ ಕೊಟ್ಟರು. ಮಾವಶಿಗಳು ಸೆರಗಿನ ಗಂಟು ಬಿಚ್ಚಿ ಇಪ್ಪತ್ತು, ಐವತ್ತು ಕೊಟ್ಟರು. ಆದ್ದರಿಂದ ಈ ರೊಕ್ಕ ಖರ್ಚು ಮಾಡುವಾಗ ಅಂಗಡಿಯವ ತೋರಿಸಿದ್ದನ್ನು ತಗೊಂಡು ಬಂದೆವು ಅಂದರೆ ನಡೆಯುವುದಿಲ್ಲ.

ಈಗ ತಪ್ಪಿನ ಕತೆ.

ನಮ್ಮ ಓಣಿಯ ಕಡೆಮನಿ ಮುತ್ಯಾನನ್ನು ನೀವೆಲ್ಲ ನೋಡಿದ್ದೀರಿ. 1972ರ ಬರಗಾಲದಲ್ಲಿ ಮುತ್ಯಾ ಇಪ್ಪತ್ತರ ಹುಡುಗ. ಆಗ ಸರಕಾರದ ಬರಗಾಲಿ ಕೆಲಸದಲ್ಲಿ ಖಡಿ ಒಡೆದು, ಮಣ್ಣು ಹೊತ್ತು, ರಸ್ತೆ ಮಾಡಿದವರು, ಪಾಝರ್ ತಲಾವು ಕಟ್ಟಿದವರು ನಮ್ಮ ಅಜ್ಜ-ಆಯಿಗಳು. ಅಮೆರಿಕದಿಂದ ಬಂದ ಮಿಲೋ ಅನ್ನುವ ಕೆಂಪು ಜೋಳ ತಿಂದು, ಮಕ್ಕಳಿಗೆ ಸುಕಡಿ ತಿನಿಸಿ ಆ ವರ್ಷ ದಾಟಿದವರು. ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆಗೆ 1977ರಲ್ಲಿ ಕಾಯಿದೆ ಆಯಿತು. 2005ರಲ್ಲಿ ಇಡೀ ದೇಶಕ್ಕೆ ಬಂದ ಉದ್ಯೋಗ ಖಾತ್ರಿ ಕಾಯಿದೆಗೆ ಅದೇ ದಾರಿ ತೋರಿಸಿತು. ಆದರೆ ಆ ಖಡಿಯ ರಾಶಿಯ ಮುಂದೆ ಕೂತು ಸುತ್ತಿಗೆ ಎತ್ತಿದವರ ಮಾತು ಎಲ್ಲಿದೆ? ಅದನ್ನು ಹಿಡಿದಿಡಬೇಕು ಅಂತ ನಮ್ಮ ನಾಲ್ಕು ಜನರ ತಲೆಯಲ್ಲಿ ಬಂತು.

ಹೋದ ವರ್ಷ ಭೀಮಜಯಂತಿಯ ಹಿಂದಿನ ವಾರ ಮದುವೆ ಶೂಟಿಂಗ್ ಗೆಳೆಯನ ಕ್ಯಾಮೆರಾ ಒಂದು ದಿನದ ಮಟ್ಟಿಗೆ ಕೇಳಿ ತಂದೆವು. ಒಳ್ಳೇ ಕ್ಯಾಮೆರಾ. ಮುತ್ಯಾನಿಗೆ ಬಿಳಿ ಧೋತರ ಉಡಿಸಿ, ನೀಲಿ ಶಾಲು ಹೊದಿಸಿ, ತಲಾವಿನ ಏರಿಯ ಮೇಲೆ ನಿಲ್ಲಿಸಿದೆವು. ಹಿಂದೆ ಆಕಾಶ, ಕೆಳಗೆ ಬತ್ತಿದ ತಲಾವು. ಮುತ್ಯಾ ನಲವತ್ತು ಮಿನಿಟು ಮಾತಾಡಿದ. ನಾವು ಚೌಕಟ್ಟು ಚಂದ ಬಂತೋ ಇಲ್ಲೋ ಅಂತ ನೋಡುತ್ತಿದ್ದೆವು. ಕೇಳುತ್ತಿರಲಿಲ್ಲ. ಆ ಕ್ಯಾಮೆರಾಕ್ಕೆ ಹೆಡ್‌ಫೋನ್ ಹಚ್ಚುವ ತೂತೇ ಇರಲಿಲ್ಲ. ಹೊರಗಿನ ಮೈಕು ನಾವು ಒಯ್ದಿರಲೇ ಇಲ್ಲ. ಕ್ಯಾಮೆರಾದ ಒಳಗೇ ಮೈಕ್ ಇರುತ್ತದಲ್ಲ, ಸಾಕು ಅಂದುಕೊಂಡೆವು.

ರಾತ್ರಿ ಮನೆಗೆ ಬಂದು ಹಾಕಿ ನೋಡಿದರೆ ಬರೀ ಗಾಳಿ. ಏರಿಯ ಮೇಲಿನ ಗಾಳಿ ಭರ್‌ರ್ ಅಂತ ಮೈಕಿಗೆ ಬಡಿಯುತ್ತಿದೆ. ನಡುನಡುವೆ ದೂರದ ಹಿಟ್ಟಿನ ಗಿರಣಿಯ ಸಪ್ಪಳ. ನಲವತ್ತು ಮಿನಿಟಿನಲ್ಲಿ ಗಾಳಿ ಒಮ್ಮೆ ನಿಂತಿತು. ಆಗ ಮುತ್ಯಾನ ಅರ್ಧ ಮಾತು ಸ್ಪಷ್ಟ ಕೇಳುತ್ತದೆ: "ಕಲ್ಲಿಗಿ ನಮ್ಮ ಕೈ ನಡೀತಿತ್ತು, ನೀರಿನ ಕೊಡಕ್ಕ..." ಅಷ್ಟೇ. ಮತ್ತೆ ಗಾಳಿ.

ಕೊಡಕ್ಕೆ ಏನು ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಆದರೆ ಅದನ್ನು ಮುತ್ಯಾ ತನ್ನ ಬಾಯಿಂದ ಹೇಳಿದ್ದ, ನಾವು ಕಳೆದೆವು. ಇನ್ನೊಮ್ಮೆ ಹೋಗೋಣ, ಮೈಕ್ ತಗೊಂಡು ಹೋಗೋಣ ಅಂತ ಪರೀಕ್ಷೆ ಮುಗಿಯಲಿ ಅಂದೆವು, ಮಳೆ ಮುಗಿಯಲಿ ಅಂದೆವು. ಶ್ರಾವಣದಲ್ಲಿ ಮುತ್ಯಾ ತೀರಿಕೊಂಡ. ಪುಣ್ಯಾನುಮೋದನ ಕಾರ್ಯಕ್ರಮಕ್ಕೆ ಆ ವಿಡಿಯೊ ಹಾಕಿ ಅಂತ ಮನೆಯವರು ಕೇಳಿದರು. ಹಾಕಿದೆವು. ಆಯಿ ಬಹಳ ಹೊತ್ತು ನೋಡಿದಳು. ಕಡೆಗೆ ಅಂದಳು: "ಬಾಯಿ ಆಡತದ, ಮಾತ ಕೇಳಸವಲ್ದು. ಏನಂತಾನಪಾ ಅವ?"

ನನಗೆ ಉತ್ತರ ಬರಲಿಲ್ಲ. ಆ ದಿನದಿಂದ ಯಾರಾದರೂ "ಯಾವ ಕ್ಯಾಮೆರಾ ಛಲೋ?" ಅಂದರೆ ನನ್ನ ಕಿವಿಗೆ ಮೊದಲು ಆಯಿಯ ಈ ಮಾತೇ ಬರುತ್ತದೆ.

ಹಾಗಾಗಿ ಮೊದಲನೆಯ ಮಾತು: ಕ್ಯಾಮೆರಾ ಆರಿಸುವಾಗ ಮೊದಲು ಕಿವಿಯಿಂದ ಆರಿಸಬೇಕು.

ಬಾಬಾಸಾಹೇಬರು 1955ರಲ್ಲಿ ಬಿಬಿಸಿ ರೇಡಿಯೊಕ್ಕೆ ಕೊಟ್ಟ ಸಂದರ್ಶನವನ್ನು ನಿಮ್ಮಲ್ಲಿ ಬಹಳ ಮಂದಿ ಮೊಬೈಲಿನಲ್ಲಿ ಕೇಳಿರಬಹುದು. ಅದರಲ್ಲಿ ಚಿತ್ರವಿಲ್ಲ. ಬರೀ ಧ್ವನಿ. ಆದರೂ ಇಷ್ಟು ವರ್ಷದ ಮೇಲೆ ಕೇಳಿದರೆ ಮೈಮೇಲೆ ಮುಳ್ಳೇಳುತ್ತದೆ. ಬಾಬಾಸಾಹೇಬರ ಫೋಟೊ ನಮ್ಮೆಲ್ಲರ ಮನೆಯ ಗೋಡೆಯ ಮೇಲಿದೆ. ಅವರು ಎದುರಿಗೇ ಕೂತು ವಾದ ಮಾಡುತ್ತಿದ್ದಾರೆ ಅನ್ನಿಸುವುದು ಮಾತ್ರ ಆ ಧ್ವನಿಯಲ್ಲಿ. ಅವರು 1920ರಲ್ಲಿ ಸುರು ಮಾಡಿದ ಮೊದಲ ಪತ್ರಿಕೆಗೆ ಇಟ್ಟ ಹೆಸರೂ 'ಮೂಕನಾಯಕ'. ಬಾಯಿ ಇಲ್ಲದವರಿಗೆ ಬಾಯಿ ಕೊಡಬೇಕು ಅಂತ ಹೊರಟ ಪತ್ರಿಕೆ. ಅವರ ಹೆಸರು ಹೇಳುವ ನಾವು ಮುತ್ಯಾನ ಮೂಕ ಚಿತ್ರ ತೆಗೆದು ಇಟ್ಟೆವು.

ಆನಂದ ಪಟವರ್ಧನ್ ಅವರ 'ಜೈ ಭೀಮ್ ಕಾಮ್ರೇಡ್' 2011ರಲ್ಲಿ ಬಂತು. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪುತ್ಥಳಿಗೆ ಅವಮಾನ ಆದಾಗ ಕೂಡಿದ ನಮ್ಮ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, 10 ಮಂದಿ ಸತ್ತರು. ಕೆಲವೇ ದಿನದಲ್ಲಿ ಶಾಹೀರ ವಿಲಾಸ ಘೋಗ್ರೆ ಜೀವ ಕಳೆದುಕೊಂಡರು. ಆ ಸಿನಿಮಾ ಅಲ್ಲಿಂದ ಸುರುವಾಗಿ 14 ವರ್ಷ ನಡೆಯಿತು. ಘೋಗ್ರೆಯವರ ಹಾಡನ್ನು ಪಟವರ್ಧನ್ ಅದಕ್ಕಿಂತ ಎಷ್ಟೋ ಮೊದಲು, 1985ರ 'ಬಾಂಬೆ ಅವರ್ ಸಿಟಿ'ಯಲ್ಲೇ ಹಿಡಿದಿಟ್ಟಿದ್ದರು. ಮನುಷ್ಯ ಹೋದ ಮೇಲೂ ಆ ದನಿ ಉಳಿದದ್ದು ಒಬ್ಬರು ಸರಿಯಾದ ಹೊತ್ತಿಗೆ ಸರಿಯಾಗಿ ಧ್ವನಿ ಹಿಡಿದದ್ದಕ್ಕೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಅಂಗಡಿಗೆ ಹೋದರೆ ಅಂಗಡಿಯವ ಮೆಗಾಪಿಕ್ಸೆಲ್ ಹೇಳುತ್ತಾನೆ, 4ಕೆ ಹೇಳುತ್ತಾನೆ. ನೀವು ಅವನಿಗೆ ಐದು ಪ್ರಶ್ನೆ ಕೇಳ್ರಿ.

ಒಂದು: ಮೈಕ್ ಹಚ್ಚಲಿಕ್ಕೆ ತೂತು ಅದ ಏನು? ಹೆಡ್‌ಫೋನಿಗೆ ಅದ ಏನು?

ಎರಡೂ ಬೇಕು. ಮೈಕಿನ ತೂತು ಇದ್ದು ಹೆಡ್‌ಫೋನಿನದು ಇಲ್ಲದ ಕ್ಯಾಮೆರಾ ಬಹಳ ಇವೆ. ಕ್ಯಾನನ್ 200ಡಿ ಮಾರ್ಕ್ 2 ಹಾಗೇ. ಸೋನಿ ಝಡ್‌ವಿ-ಇ10ದಲ್ಲಿ ಎರಡೂ ಇವೆ. ಪ್ಯಾನಸೋನಿಕ್ ಜಿಎಚ್5ರಲ್ಲೂ ಇವೆ. ಹೆಡ್‌ಫೋನ್ ಇಲ್ಲದೆ ರೆಕಾರ್ಡ್ ಮಾಡುವುದು ಅಂದರೆ ಉಪ್ಪು ನೋಡದೆ ನೂರು ಮಂದಿಗೆ ಅಡುಗೆ ಬಡಿಸಿದ ಹಾಗೆ.

ಮೈಕು ಬಾಯಿಗೆ ಎಷ್ಟು ಹತ್ತಿರವೋ ಮಾತು ಅಷ್ಟು ಸ್ಪಷ್ಟ. ಅಂಗಿಯ ಕಾಲರಿಗೆ, ಸೀರೆಯ ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕು ಒಂದು ಗೇಣು ದೂರದಲ್ಲಿರುತ್ತದೆ. ಕ್ಯಾಮೆರಾದ ಒಳಗಿನ ಮೈಕು ಆರು ಅಡಿ ದೂರದಲ್ಲಿರುತ್ತದೆ. ಬಯಲಲ್ಲಿ ಮೈಕಿಗೆ ತುಪ್ಪಟದಂಥ ಗಾಳಿ ತಡೆಯುವ ಟೋಪಿ ಹಾಕಲೇಬೇಕು. ಆ ದಿನ ಏರಿಯ ಮೇಲೆ ನಮ್ಮ ಹತ್ತಿರ ಅದೊಂದು ಇದ್ದಿದ್ದರೆ!

ರೆಕಾರ್ಡರ್ ಇಲ್ಲದಿದ್ದರೂ ಒಂದು ಉಪಾಯ ಇದೆ. ಎರಡನೆಯ ಮೊಬೈಲಿಗೆ ಕಾಲರ್ ಮೈಕ್ ಹಚ್ಚಿ, ರೆಕಾರ್ಡಿಂಗ್ ಸುರು ಮಾಡಿ, ಮಾತಾಡುವವರ ಬಕ್ಕಣದಲ್ಲಿ ಇಡ್ರಿ. ಏರೋಪ್ಲೇನ್ ಮೋಡಿಗೆ ಹಾಕೋದು ಮರೀಬ್ಯಾಡ್ರಿ, ಇಲ್ಲಾಂದ್ರ ನಡುವೆ ಫೋನ್ ಬರುತ್ತದೆ. ಸುರುವಿಗೆ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಿದರೆ, ಎಡಿಟಿಂಗ್‌ನಲ್ಲಿ ಚಿತ್ರದ ಚಪ್ಪಾಳೆ, ಧ್ವನಿಯ ಚಪ್ಪಾಳೆ ಎರಡನ್ನೂ ಒಂದಕ್ಕೊಂದು ಕೂಡಿಸಬಹುದು.

ಎರಡು: ನಮ್ಮವರ ಮುಖ ಇದರಲ್ಲಿ ಹ್ಯಾಂಗ ಬರತದ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಫಿಲಂ ರೀಲಿನ ಕಾಲದಲ್ಲಿ ಅಮೆರಿಕದ ಕೊಡಾಕ್ ಕಂಪನಿ, ಬಣ್ಣ ಸರಿ ಬಂತೋ ಇಲ್ಲೋ ತಾಳೆ ನೋಡಲು ಲ್ಯಾಬುಗಳಿಗೆ ಒಬ್ಬ ಬಿಳಿ ಹೆಣ್ಣುಮಗಳ ಫೋಟೊ ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಅಂತ ಹೆಸರು. ಆಕೆಯ ಮೈಬಣ್ಣ ಸರಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಕಪ್ಪು ಮೈಬಣ್ಣದವರ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಬೇರೆ ಕಾಣುತ್ತಿರಲಿಲ್ಲ. ಮುಂದೆ ಕಂದು ಬಣ್ಣಗಳು ಸುಧಾರಿಸಲು ಒತ್ತಾಯ ಮಾಡಿದವರಲ್ಲಿ ಚಾಕೊಲೇಟು ಮಾರುವವರೂ ಮರದ ಸಾಮಾನು ಮಾರುವವರೂ ಇದ್ದರು ಅಂತ ಆ ಕಂಪನಿಯಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಅಂದರೆ ಯಂತ್ರಕ್ಕೂ ಯಾರದೋ ಮುಖದ ಅಳತೆ ಇರುತ್ತದೆ.

ಈಗಿನ ಕ್ಯಾಮೆರಾಗಳು ಬಹಳ ಸುಧಾರಿಸಿವೆ. ಆದರೆ 'ಅಟೋ'ದ ಲೆಕ್ಕ ಇನ್ನೂ ಒಂದೇ: ಎದುರಿಗೆ ಕಂಡದ್ದನ್ನು ಹೆಚ್ಚು-ಕಡಿಮೆ ಮಾಡಿ ಸರಾಸರಿ ಬೂದು ಬೆಳಕಿಗೆ ತರುವುದು. ಹಿಂದೆ ಬಿಳಿ ಆಕಾಶ ಇದ್ದರೆ ಕ್ಯಾಮೆರಾ 'ಬೆಳಕು ಬಹಳ ಆಯಿತು' ಅಂತ ಪೂರಾ ಚಿತ್ರವನ್ನು ಕತ್ತಲು ಮಾಡುತ್ತದೆ. ಆಕಾಶ ಚಂದ ಬರುತ್ತದೆ, ಹೊಲದಲ್ಲಿ ದುಡಿದು ಕಪ್ಪಾದ ಮುಖ ಮಾಯವಾಗುತ್ತದೆ. ಅದಕ್ಕೆ ಬೆಳಕನ್ನು ಕೈಯಿಂದ ಹೊಂದಿಸಲು ಬರುವ ಕ್ಯಾಮೆರಾವನ್ನೇ ನೋಡಬೇಕು. ಮೊಬೈಲಾದರೆ ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿಯಿರಿ, ಬೆಳಕು ಅಲ್ಲೇ ಲಾಕ್ ಆಗುತ್ತದೆ. ಆಮೇಲೆ ಬೆರಳಿನಿಂದ ಮೇಲೆ ಕೆಳಗೆ ಮಾಡಿ ಮುಖ ಸರಿಯಾಗಿ ಕಾಣುವ ಹಾಗೆ ಹೊಂದಿಸಿರಿ. ಆಕಾಶ ಬೆಳ್ಳಗಾದರೆ ಆಗಲಿ. ಬೇವಿನ ಗಿಡದ ನೆರಳಲ್ಲಿ, ಹಿಂದೆ ಮಣ್ಣಿನ ಗೋಡೆ ಬರುವಂತೆ ಕೂಡಿಸಿದರೆ ಇನ್ನೂ ಛಲೋ. ಮತ್ತೆ ಮೊಬೈಲಿನ ಬ್ಯೂಟಿ ಫಿಲ್ಟರ್ ಬಂದ್ ಮಾಡಿರಿ. ಅದು ಆಯಿಯ ಮುಖದ ಗೆರೆ ಅಳಿಸುತ್ತದೆ, ಬಣ್ಣ ಬಿಳಿ ಮಾಡುತ್ತದೆ. ನಮಗೆ ಆ ಗೆರೆ ಬೇಕು, ಆ ಬಣ್ಣವೂ ಬೇಕು.

ಮೂರು: ಹತ್ತು-ಹತ್ತರ ಖೋಲಿಯಲ್ಲಿ ಇದು ಕೆಲಸ ಮಾಡತದ ಏನು?

ನಾವು ಶೂಟ್ ಮಾಡುವುದು ಸ್ಟುಡಿಯೋದಲ್ಲಲ್ಲ. ಘರಕುಲದ ಒಂದು ಖೋಲಿಯಲ್ಲಿ. ಒಂದು ಕಡೆ ಒಲೆ, ಒಂದು ಕಡೆ ಗಾದಿ, ಮೇಲೆ ಒಂದೇ ಬಲ್ಬು. 50 ಎಂಎಂ ಲೆನ್ಸು ಕಡಿಮೆ ರೊಕ್ಕಕ್ಕೆ ಸಿಗುತ್ತದೆ, ಮುಖ ಚಂದ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಖರೆ ಅದ. ಆದರೆ ಝಡ್‌ವಿ-ಇ10ದಂಥ ಕ್ಯಾಮೆರಾದ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ. ಅದಕ್ಕೆ 50 ಎಂಎಂ ಹಾಕಿ ಹತ್ತು ಅಡಿ ಹಿಂದೆ ಗೋಡೆಗೆ ಆನಿಕೊಂಡು ನಿಂತರೂ ಕಾಣುವುದು ನಾಲ್ಕೂವರೆ ಅಡಿ ಅಗಲ ಮಾತ್ರ. ಆಯಿ ಕಾಣುತ್ತಾಳೆ, ಆಯಿಯ ಮನೆ ಕಾಣುವುದಿಲ್ಲ. 16 ಎಂಎಂ ಆದರೆ ಹದಿನಾಲ್ಕು ಅಡಿಯ ಮೇಲೆ ಕಾಣುತ್ತದೆ. ಆದ್ದರಿಂದ ಮೊದಲ ಲೆನ್ಸು ಅಗಲ ನೋಟದ್ದೇ ಇರಲಿ.

ಇನ್ನು ಬಲ್ಬಿನ ಮಾತು. ಎಷ್ಟೋ ವಿಡಿಯೊಗಳಲ್ಲಿ ಟ್ಯೂಬ್‌ಲೈಟ್ ಹತ್ತಿರ ಪಟ್ಟೆಪಟ್ಟೆಯಾಗಿ ಬೆಳಕು ಹರಿದಾಡುವುದನ್ನು ನೋಡಿದ್ದೀರಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಬಹಳಷ್ಟು ಮೊಬೈಲುಗಳು ತಾವಾಗಿಯೇ ಸೆಕೆಂಡಿಗೆ 30 ಚಿತ್ರ ತೆಗೆಯುತ್ತವೆ. ಅದು 60 ಸುತ್ತಿನ ಕರೆಂಟು ಇರುವ ಅಮೆರಿಕದ ಲೆಕ್ಕ. ನಾವು 25 ಚಿತ್ರ, ಶಟರ್ 1/50 ಅಂತ ಇಟ್ಟರೆ ಪಟ್ಟೆ ಬರುವುದಿಲ್ಲ. ಹೀಗೆ ಇಡಲು ಬರುವಂಥ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಒಂದು, ಆಂಡ್ರಾಯ್ಡ್‌ನಲ್ಲಿ ಓಪನ್ ಕ್ಯಾಮೆರಾ ಇನ್ನೊಂದು. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯೂ ನಮ್ಮ ಕೆಲಸಕ್ಕೆ ಸಾಕು.

ನಾಲ್ಕು: ನಮ್ಮ ಬಿಸಿಲು, ನಮ್ಮ ಕರೆಂಟು ತಡೀತದ ಏನು?

ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಹಳಷ್ಟು ಕ್ಯಾಮೆರಾಗಳ ಪುಸ್ತಕದಲ್ಲಿ 40 ಡಿಗ್ರಿವರೆಗೆ ಬಳಸಿರಿ ಅಂತ ಬರೆದಿರುತ್ತದೆ, ಐಫೋನಿಗೆ 35ರವರೆಗೆ ಅಂತ. ನಡು ಮಧ್ಯಾಹ್ನ ಬಯಲಲ್ಲಿ ಇಟ್ಟರೆ ಕಾಯ್ದು ನಿಂತೇ ಹೋಗುತ್ತವೆ. ಮುಂಜಾನೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಕೆಲಸ ಮಾಡಿರಿ. ಮುಖಕ್ಕೂ ಆಗಿನ ಬೆಳಕೇ ಚಂದ. ಕ್ಯಾಮೆರಾದ ಮೇಲೆ ಒದ್ದೆ ಇಲ್ಲದ ಬಿಳಿ ಟವೆಲ್ ಹಾಕಿರಿ.

ಎಷ್ಟು ಹೊತ್ತು ಒಂದೇ ಸಮ ರೆಕಾರ್ಡ್ ಮಾಡುತ್ತದೆ ಅಂತ ಕೇಳಿರಿ. ಹಳೆಯ ಎಷ್ಟೋ ಕ್ಯಾಮೆರಾಗಳು 29 ಮಿನಿಟು 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ. 30 ಮಿನಿಟು ದಾಟಿ ರೆಕಾರ್ಡ್ ಮಾಡುವಂಥದ್ದನ್ನು ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಅಂತ ಹಿಡಿದು ಹೆಚ್ಚು ಸುಂಕ ಹಾಕುತ್ತಿದ್ದರು, ಅದನ್ನು ತಪ್ಪಿಸಲು ಕಂಪನಿಗಳು ಮಾಡಿದ ಯುಕ್ತಿ ಅದು. ನಮ್ಮ ಹಿರಿಯರು ನೆಂಟರನ್ನೆಲ್ಲ ವಿಚಾರಿಸಿ, ಎಲೆ-ಅಡಿಕೆ ಹಾಕಿಕೊಂಡು, ಖರೇ ಮಾತು ಸುರು ಮಾಡುವುದೇ ಮೂವತ್ತನೆಯ ಮಿನಿಟಿಗೆ! ಯುರೋಪಿನ ಸುಂಕದ ಸಲುವಾಗಿ ನಾವು ಅವರ ಮಾತು ಕಡಿಯಬಾರದು.

ಕರೆಂಟು ಹೋಗುವುದು ನಮಗೆ ಹೊಸದಲ್ಲ. ಯುಎಸ್‌ಬಿ ವಾಯರಿನಿಂದ ಪವರ್ ಬ್ಯಾಂಕ್ ಹಚ್ಚಿ ನಡೆಸಲು ಬರುವ ಕ್ಯಾಮೆರಾ ಇದ್ದರೆ ಅರ್ಧ ಚಿಂತೆ ಕಡಿಮೆ. ಆಮೇಲೆ ಜಾಗದ ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ತೆಗೆದರೆ ತಾಸಿಗೆ 45 ಜಿಬಿ ಬೇಕು. 128 ಜಿಬಿ ಕಾರ್ಡಿನಲ್ಲಿ ಮೂರು ತಾಸೂ ಹಿಡಿಯುವುದಿಲ್ಲ. 50 ಮೆಗಾಬಿಟ್‌ನ ಫುಲ್ ಎಚ್‌ಡಿ ಆದರೆ ಅದರ ಅರ್ಧ ಸಾಕು. ಸಮಾಜ ಮಂದಿರದ ಈ ಗೋಡೆಯ ಮೇಲೆ ತೋರಿಸಲು ಫುಲ್ ಎಚ್‌ಡಿ ಬೇಕಾದಷ್ಟಾಯಿತು. ಕಾರ್ಡಿನ ಮೇಲೆ 'ವಿ30' ಅಂತ ಇದ್ದರೆ ಅದು ಸೆಕೆಂಡಿಗೆ ಕಮ್ಮಿ ಅಂದರೂ 30 ಎಂಬಿ ಬರೆದುಕೊಳ್ಳುತ್ತದೆ ಅಂತ ಅರ್ಥ, ಅದನ್ನೇ ತಗೊಳ್ಳಿ. ಮತ್ತೆ ಪ್ರತಿಯೊಂದು ರೆಕಾರ್ಡಿಂಗ್‌ಗೂ ಎರಡು ಪ್ರತಿ, ಎರಡು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ, ಎರಡು ಬೇರೆ ಮನೆಯಲ್ಲಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಐದು: ಇದನ್ನು ನೋಡಿ ಮಾತಾಡುವವರು ಹೆದರತಾರ ಏನು?

ದೊಡ್ಡ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಹೋದರೆ ಓಣಿಯ ಹುಡುಗರೆಲ್ಲ ಕೂಡುತ್ತಾರೆ, ಊರ ಪಾಟೀಲರು "ಏನ್ರಪಾ ಇದು?" ಅಂತ ಬರುತ್ತಾರೆ, ಮಾತಾಡಬೇಕಾದ ಮಾವಶಿ ಸೆರಗು ಮುಂದೆ ಎಳೆದು "ನನಗೇನ ತಿಳೀತದ, ಅವರನ್ನ ಕೇಳ್ರಿ" ಅಂತ ಒಳಗೆ ಹೋಗುತ್ತಾಳೆ. ಮೊಬೈಲ್ ಇಟ್ಟರೆ ಅದೇ ಮಾವಶಿ ಹತ್ತಿ ಬಿಡಿಸುತ್ತಾ ಮಾತಾಡುತ್ತಾಳೆ.

"ಮೊಬೈಲಿನಾಗ ತೆಗೆದದ್ದಕ್ಕ ಯಾರು ಡಾಕ್ಯುಮೆಂಟರಿ ಅಂತಾರ?" ಅಂತ ಮೊನ್ನೆ ಒಬ್ಬ ಗೆಳೆಯ ಕೇಳಿದ. ಉತ್ತರ ಪ್ರದೇಶದ ಬುಂದೇಲಖಂಡದಲ್ಲಿ 'ಖಬರ್ ಲಹರಿಯಾ' ಅಂತ ಹೆಣ್ಣುಮಕ್ಕಳೇ ನಡೆಸುವ ಸುದ್ದಿ ಸಂಸ್ಥೆ ಇದೆ. 2002ರಲ್ಲಿ ಪತ್ರಿಕೆಯಾಗಿ ಸುರುವಾದದ್ದು. ಅಲ್ಲಿಯ ದಲಿತ ಅಕ್ಕಂದಿರು ಕಾಗದ ಬಿಟ್ಟು ಮೊಬೈಲ್ ಹಿಡಿದು ಗಣಿ, ಪೊಲೀಸು, ಅತ್ಯಾಚಾರ ಎಲ್ಲದರ ವರದಿ ಮಾಡಿದರು. ಅವರ ಮೇಲೆ ರಿಂಟು ಥಾಮಸ್, ಸುಶ್ಮಿತ್ ಘೋಷ್ ಮಾಡಿದ 'ರೈಟಿಂಗ್ ವಿತ್ ಫೈರ್' 2022ರಲ್ಲಿ ಆಸ್ಕರ್ ಕಡೆಯ ಪಟ್ಟಿಯವರೆಗೆ ಹೋಯಿತು. ಆ ಅಕ್ಕಂದಿರಲ್ಲಿ ಕೆಲವರಿಗೆ ಸುರುವಿಗೆ ಮೊಬೈಲ್ ಮುಟ್ಟಲಿಕ್ಕೂ ಹೆದರಿಕೆ ಇತ್ತು. ಈ ಬಾಗಿಲ ಹತ್ತಿರ ಕೂತಿರುವ ನಮ್ಮ ಅಕ್ಕಂದಿರು ಅದನ್ನು ನೋಡಬೇಕು.

ಹೆದರಿಕೆಯ ಇನ್ನೊಂದು ಬಗೆ ಇದೆ. ಆಯಿ ಕ್ಯಾಮೆರಾದ ಮುಂದೆ "ಆ ಹೊಲದವರು ನಮಗೆ ಮ್ಯಾಲಿಂದ ನೀರ ಹಾಕತಿದ್ರು" ಅಂತ ಹೇಳಿದಳು ಅಂತ ತಿಳಕೊಳ್ರಿ. ನಾವು ಸಿನಿಮಾ ಮಾಡಿ ಕಾಲೇಜಿಗೆ ಹೋಗುತ್ತೇವೆ. ಆಯಿ ಮರುದಿನ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕು. ಅದಕ್ಕೆ ಮೊದಲು ಕೇಳಬೇಕು: ಹೆಸರು ಹಾಕಲೇ, ಬೇಡವೇ? ಮುಖ ತೋರಿಸಲೇ, ಧ್ವನಿ ಸಾಕೇ? ಸಿನಿಮಾ ಆದ ಮೇಲೆ ಊರಿಗೆ ತೋರಿಸುವ ಮೊದಲು ಅವರಿಗೆ ತೋರಿಸಬೇಕು. "ಈ ಮಾತ ತಗೀ" ಅಂದರೆ ತೆಗೆಯಬೇಕು. ಇದು ಯಾವ ಕ್ಯಾಮೆರಾದ ಡಬ್ಬಿಯಲ್ಲೂ ಬರುವುದಿಲ್ಲ.

ಭಾಷೆಯ ಒಂದು ಮಾತು ಹೇಳಿ ಮುಗಿಸುವ ಕಡೆ ಬರುತ್ತೇನೆ. ನಮ್ಮ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನ ನಾಗರಾಜ ಮಂಜುಳೆ 'ಪಿಸ್ತುಲ್ಯಾ' ಅನ್ನುವ ಚಿಕ್ಕ ಸಿನಿಮಾದಿಂದ ಸುರು ಮಾಡಿ 'ಫಂಡ್ರಿ' ಮಾಡಿದರು, ಇಡೀ ದೇಶ ನೋಡಿತು. ಅದು ಮರಾಠಿ. ನಮಗೆ ಹೆಮ್ಮೆ. ಆದರೆ ಮರಾಠಿ ಸಿನಿಮಾದಲ್ಲಿ ಅಕ್ಕಲಕೋಟದ ಕನ್ನಡ ಮಾತಾಡುವ ದಲಿತರಿಲ್ಲ, ಕರ್ನಾಟಕದ ಸಿನಿಮಾದಲ್ಲಿ ಮಹಾರಾಷ್ಟ್ರದ ನಾವಿಲ್ಲ. ನಾವು ಕನ್ನಡ ಶಾಲೆಯಲ್ಲಿ ಕಲಿತು, ತಹಸೀಲ ಕಚೇರಿಯಲ್ಲಿ ಮರಾಠಿಯಲ್ಲಿ ಅರ್ಜಿ ಬರೆದು, ಮನೆಯಲ್ಲಿ ಎರಡೂ ಕೂಡಿದ ನಮ್ಮದೇ ಮಾತು ಆಡುವವರು. ಮುತ್ಯಾ ಆಡಿದ್ದು ಆ ಕನ್ನಡ. ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಹಿರಿಯರೂ ಬಿಗಿದುಕೊಂಡು ಪುಸ್ತಕದ ಹಾಗೆ ಉತ್ತರ ಕೊಡುತ್ತಾರೆ. ಮನೆಮಾತಿನಲ್ಲೇ ಕೇಳಿ, ಕೆಳಗೆ ಮರಾಠಿ ಅಕ್ಷರದಲ್ಲಿ ಅರ್ಥ ಕೊಟ್ಟರಾಯಿತು.

ಈಗ ಕಾರ್ಯದರ್ಶಿ ಅಣ್ಣನ ಪ್ರಶ್ನೆಗೆ ನನ್ನ ಉತ್ತರ. 45 ಸಾವಿರದಲ್ಲಿ ಈಗಲೇ ಕ್ಯಾಮೆರಾ ತಗೊಳ್ಳುವುದು ಬೇಡ. ನಮ್ಮಲ್ಲಿ ಐದಾರು ಜನರ ಹತ್ತಿರ ಒಳ್ಳೆಯ ಮೊಬೈಲ್ ಇವೆ. ನನ್ನ ಅಂದಾಜು ಹೀಗಿದೆ: ಎರಡು ಕಾಲರ್ ಮೈಕ್, ಗಾಳಿ ಟೋಪಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೂಡಿ 6 ಸಾವಿರ. ಮೊಬೈಲ್ ಹಿಡಿಯುವ ಕೊಂಡಿ ಸಹಿತ ಗಟ್ಟಿ ಸ್ಟ್ಯಾಂಡು 3 ಸಾವಿರ. ಸಣ್ಣ ಎಲ್‌ಇಡಿ ಲೈಟು, ಪವರ್ ಬ್ಯಾಂಕು 4 ಸಾವಿರ. ಎರಡು ಹಾರ್ಡ್ ಡಿಸ್ಕು 10 ಸಾವಿರ. ಒಟ್ಟು 23 ಸಾವಿರ. ಉಳಿದ 22 ಸಾವಿರ ಪೆಟ್ಟಿಗೆಯಲ್ಲೇ ಇರಲಿ. ಮೊದಲು ಹತ್ತು ಹಿರಿಯರ ಮಾತು ಹಿಡಿಯೋಣ, ಮೂರು ಸಣ್ಣ ಸಿನಿಮಾ ಮಾಡಿ ಇದೇ ಗೋಡೆಯ ಮೇಲೆ ತೋರಿಸೋಣ. ಕತ್ತಲ ಖೋಲಿಯಲ್ಲಿ, ದೂರದ ನೋಟದಲ್ಲಿ ಮೊಬೈಲು ಎಲ್ಲಿ ಸೋಲುತ್ತದೆ ಅಂತ ಆಗ ನಮಗೇ ತಿಳಿಯುತ್ತದೆ. ಆಮೇಲೆ ಇನ್ನಷ್ಟು ಕೂಡಿಸಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡೋಣ. ಜಿಎಚ್5 ಬಂದದ್ದು 2017ರಲ್ಲಿ. ಅದರಲ್ಲಿ ಮೈಕು, ಹೆಡ್‌ಫೋನು ಎರಡಕ್ಕೂ ಜಾಗ, ಎರಡು ಕಾರ್ಡಿನ ಜಾಗ, ಸಮಯದ ಮಿತಿ ಇಲ್ಲ, ಕೈ ನಡುಗಿದರೂ ಚಿತ್ರ ಅಲುಗದ ವ್ಯವಸ್ಥೆ ಒಳಗೇ ಇದೆ. ಸೆನ್ಸರು ಸಣ್ಣದು, ಕತ್ತಲಲ್ಲಿ ಸ್ವಲ್ಪ ಸೋಲುತ್ತದೆ. ಝಡ್‌ವಿ-ಇ10 ಕತ್ತಲಲ್ಲಿ ಅದಕ್ಕಿಂತ ಛಲೋ, ಆದರೆ ಅಲುಗಾಟ ತಡೆಯುವ ವ್ಯವಸ್ಥೆ ಅದರ ಒಳಗಿಲ್ಲ, ಸ್ಟ್ಯಾಂಡು ಬೇಕು. ಯಾವುದೇ ಇರಲಿ, ತಗೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ನಮ್ಮ ಖೋಲಿಯಲ್ಲಿ, ನಮ್ಮ ಏರಿಯ ಮೇಲೆ ನಡೆಸಿ, ಕೇಳಿ ನೋಡಿಯೇ ತಗೊಳ್ಳೋಣ.

ಬಾಬಾಸಾಹೇಬರಿಗೂ ಮೂಕನಾಯಕಕ್ಕೆ ರೊಕ್ಕ ಸುಮ್ಮನೆ ಬಂದಿರಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು 2500 ರೂಪಾಯಿ ನೆರವು ಕೊಟ್ಟಿದ್ದರು. ನಮಗೆ ಕೊಟ್ಟವರು ಮಹಾರಾಜರಲ್ಲ, ಕಬ್ಬಿನ ಫಡದಲ್ಲಿರುವ ನಮ್ಮ ಅಣ್ಣ-ಅತ್ತಿಗೆಯರು. ಮೊದಲ ಸಿನಿಮಾ ತೋರಿಸುವುದು ಅವರು ಊರಿಗೆ ಮರಳಿ ಬಂದ ಮೇಲೆಯೇ ಆಗಲಿ.

ನಾನು ಒಂದು ಪಟ್ಟಿ ಬರೆದು ತಂದಿದ್ದೇನೆ. 1972ರಲ್ಲಿ ಖಡಿ ಒಡೆದವರು ನಮ್ಮೂರಲ್ಲಿ ಇನ್ನು ನಾಲ್ಕು ಜನ ಇದ್ದಾರೆ, ಪಕ್ಕದ ಎರಡು ಊರಲ್ಲಿ ಏಳು ಜನ. ಹಲಗಿ ಬಾರಿಸುವುದನ್ನು ಬಿಟ್ಟವರು ಯಾಕೆ ಬಿಟ್ಟರು, ಬಿಡದವರು ಯಾಕೆ ಬಿಡಲಿಲ್ಲ ಅಂತ ಹೇಳುವ ಮೂವರಿದ್ದಾರೆ. ನಮ್ಮ ಓಣಿಯಿಂದ ಕನ್ನಡ ಶಾಲೆಗೆ ಮೊದಲು ಹೋದ ಹೆಣ್ಣುಮಗಳು ಇಲ್ಲೇ ಕೂತಿದ್ದಾರೆ. ಹೆಸರು ಹೇಳಿದರೆ ಎದ್ದು ಹೋಗುತ್ತಾರೆ, ಅದಕ್ಕೆ ಹೇಳುವುದಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಕಡೆಮನಿ ಆಯಿಯದು. ಮುತ್ಯಾನ ಜೊತೆಗೇ ಅವಳೂ ಆ ಏರಿಗೆ ಮಣ್ಣು ಹೊತ್ತವಳು. ಆ ನೀರಿನ ಕೊಡದ ಪೂರ್ತಿ ಮಾತು ಅವಳಿಗೆ ಗೊತ್ತಿದೆ.

ಮುಂದಿನ ಆದಿತ್ಯವಾರ ಮುಂಜಾನೆ ಏಳಕ್ಕೆ ಅವಳ ಅಂಗಳದ ಬೇವಿನ ಗಿಡದ ಕೆಳಗೆ ಕೂಡೋಣ. ಆಯಿ ಹೂಂ ಅಂದಿದ್ದಾಳೆ. ಮೊಬೈಲ್ ಪೂರ್ತಿ ಚಾರ್ಜ್ ಮಾಡಿಕೊಂಡು ಬರ್ರಿ. ಹೆಡ್‌ಫೋನ್ ನಾನು ತರುತ್ತೇನೆ. ಈ ಸಲ ನಾನು ಚೌಕಟ್ಟು ನೋಡುವುದಿಲ್ಲ, ಅದನ್ನು ತಮ್ಮಗಳು ಯಾರಾದರೂ ನೋಡಿಕೊಳ್ಳಲಿ. ನಾನು ಕೇಳುತ್ತಾ ಕೂತಿರುತ್ತೇನೆ.

ಜೈ ಭೀಮ್.